ಪಾಪು ಹೆಸರು ಕರೆದ್ರೆ ತಿರುಗಲ್ವಾ? ಆಟಿಸಂ ಗುರುತು ಮನೇಲೇ ಗಮನಿಸೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ದಾವಣಗೆರೆಯ ಒಬ್ಬ ತಾಯಿ. ನನ್ನ ಮಗನಿಗೆ ಆಟಿಸಂ (ಬೇರೆಯವ್ರ ಜೊತೆ ಬೆರೆಯೋದು, ಮಾತುಕತೆ, ನಡವಳಿಕೆ ಬೇರೆ ಥರ ಬೆಳೆಯೋದು) ಐತೆ ಅಂತ ಗೊತ್ತಾಗಿದ್ದು ಎರಡೂವರೆ ವರ್ಷಕ್ಕೆ, ಆದ್ರೆ ಗುರುತು ವರ್ಷ ತುಂಬೋದ್ರೊಳಗೇ ಇದ್ವು, ನೋಡೋಕೆ ನಮಗೆ ಬರ್ಲಿಲ್ಲ.

ನಮ್ಮಲ್ಲಿ ಎಲ್ರೂ ಮಾತಿಗೇ ಕಾಯ್ತಾರೆ. "ಗಂಡ್ಮಕ್ಳು ಲೇಟಾಗೇ ಮಾತಾಡೋದು ಕಣಮ್ಮ, ನಿನ್ನ ಗಂಡನೂ ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು" ಅಂತ ನಮ್ಮತ್ತೆ, ತೋರಿಸಿದ ಒಬ್ರು ಡಾಕ್ಟ್ರೂ ಮೂರು ವರ್ಷ ಆಗ್ಲಿ ನೋಡೋಣ ಅಂದ್ರು. ಆದ್ರೆ ಮಾತಿಗಿಂತ ಮುಂಚೆ ಮಕ್ಳು ಕಣ್ಣಲ್ಲಿ, ಬೆರಳಲ್ಲಿ ಹೇಳ್ತಾವೆ, ನೋಡ್ಬೇಕಾಗಿರೋದು ಅದನ್ನ.

ಆರು ತಿಂಗಳ ಹೊತ್ತಿಗೆ ನೀವು ನಕ್ಕು ಮಾತಾಡಿಸಿದ್ರೆ ಪಾಪು ತಿರುಗಿ ನಗ್ಬೇಕು. 9 ತಿಂಗಳು ತುಂಬಿದ್ಮೇಲೆ ದಡಾರದ ಇಂಜೆಕ್ಷನ್ ಹಾಕಿಸ್ತೀರಲ್ಲ, ಆ ಹೊತ್ತಿಗೆ ಹೆಸರು ಕರೆದು ನೋಡ್ರಿ. ಟಿವಿ ಆಫ್ ಮಾಡಿ, ಮುಟ್ಟದೆ, ಚಪ್ಪಾಳೆ ತಟ್ಟದೆ, ಹಿಂದಿನಿಂದ ಮಾಮೂಲಿ ದನಿಯಲ್ಲಿ ಕರೀರಿ, ಬೇರೆ ಬೇರೆ ದಿನ ಮೂರ್ನಾಲ್ಕು ಸಲ. ನನ್ನ ಮಗ ಎಷ್ಟು ಕೂಗಿದ್ರೂ ತಿರುಗ್ತಿರ್ಲಿಲ್ಲ, ಆದ್ರೆ ಒಳಗಿನ ರೂಮಲ್ಲಿ ಅವರಪ್ಪನ ಮೊಬೈಲ್ ರಿಂಗಾದ್ರೆ ಅಂಬೆಗಾಲಲ್ಲಿ ಓಡ್ತಿದ್ದ, ಅದಕ್ಕೇ ಎಲ್ರೂ ಕಿವಿ ಚೆನ್ನಾಗೈತೆ ಬಿಡು ಅಂತ ಸುಮ್ನಾದ್ವಿ. ಕಿವಿ ಚೆನ್ನಾಗಿದ್ದೂ ಹೆಸರಿಗೆ ತಿರುಗ್ತಿಲ್ಲ ಅನ್ನೋದೇ ದೊಡ್ಡ ಗುರುತು ಅಂತ ಯಾರೂ ಹೇಳ್ಲಿಲ್ಲ.

ಒಂದು ವರ್ಷಕ್ಕೆ ಬಾಬಾ-ದಾದಾ ಅಂತ ತೊದಲಬೇಕು, ಟಾಟಾ ಮಾಡ್ಬೇಕು. 18 ತಿಂಗಳಿಗೆ ಮುಖ್ಯವಾದ್ದು ಬೆರಳು ತೋರ್ಸೋದು. ಮಹಡಿ ಮೇಲೆ ಕರ್ಕೊಂಡು ಹೋಗಿ "ಅಲ್ಲಿ ನೋಡು ಕಾಗೆ" ಅಂತ ತೋರ್ಸಿ, ಮಗು ನಿಮ್ಮ ಬೆರಳನ್ನೇ ನೋಡ್ತೋ ಕಾಗೆ ಕಡೆ ನೋಡ್ತೋ, ನೋಡಿ ಆಮೇಲೆ ನಿಮ್ಮ ಮುಖ ನೋಡ್ತೋ ಗಮನಿಸ್ರಿ. ತಾನೇ ಬಸ್ಸು, ನಾಯಿ ಕಂಡಾಗ ನಿಮಗೆ ತೋರ್ಸುತ್ತಾ? ನನ್ನ ಮಗನಿಗೆ ಫ್ರಿಜ್ ಮೇಲಿನ ಬಿಸ್ಕೆಟ್ ಡಬ್ಬಿ ಬೇಕಾದ್ರೆ ನನ್ನ ಮಣಿಕಟ್ಟು ಹಿಡಿದು ಡಬ್ಬಿ ಕಡೆ ಎತ್ತುತ್ತಿದ್ದ, ಇಕ್ಕಳ ಹಿಡಿದಂಗೆ, ನನ್ನ ಮುಖ ಒಂದ್ಸಲನೂ ನೋಡ್ತಿರ್ಲಿಲ್ಲ. ನಾವು ಎಷ್ಟು ಜಾಣ ಅಂತ ನಗ್ತಿದ್ವಿ.

ಆಟದ ಆಟೋ ತಲೆಕೆಳಗು ಮಾಡಿ ಚಕ್ರ ತಿರುಗ್ಸೋದು, ರೆಕ್ಕೆ ಥರ ಕೈ ಬಡಿಯೋದು, ಮಿಕ್ಸಿ ಸದ್ದಿಗೆ ಕಿವಿ ಮುಚ್ಕೊಂಡು ಅಳೋದು ಇವೂ ಇರ್ತಾವೆ, ಆದ್ರೆ ಇಂಥದ್ದು ಒಂದೇ ಇದ್ರೆ ಗಾಬರಿ ಬೇಡ, ಎಷ್ಟೋ ಮಕ್ಳು ಮಾಡ್ತಾವೆ. ಬರ್ತಿದ್ದ ಮಾತು, ಮಾಡ್ತಿದ್ದ ಟಾಟಾ ನಿಂತೋದ್ರೆ ಮಾತ್ರ ಯಾವ ವಯಸ್ಸಾದ್ರೂ ಸರಿ, ಕಾಯ್ಬೇಡ್ರಿ.

ಅನುಮಾನ ಬಂದ್ರೆ ಮೊದ್ಲು ಕಿವಿ ಪರೀಕ್ಷೆ, ಬೆರಾ ಟೆಸ್ಟ್ ಅಂತಾರೆ, ಮಗು ಮಲಗಿದ್ದಾಗ ಮಾಡ್ತಾರೆ. 16ರಿಂದ 30 ತಿಂಗಳ ಮಕ್ಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಐತೆ, ಹೌದು-ಇಲ್ಲ ಅಂತ ಉತ್ತರ, ಅದ್ರಲ್ಲಿ ಅಂಕ ಜಾಸ್ತಿ ಬಂತು ಅಂದ್ರೆ ಆಟಿಸಂ ಅಂತಲ್ಲ, ಪೂರ್ತಿ ತಪಾಸಣೆ ಬೇಕು ಅಂತ. ದಾವಣಗೆರೆಯವ್ರು ಇಲ್ಲಿನ ಜಿಲ್ಲಾಸ್ಪತ್ರೆ, ಅಂದ್ರೆ ಸಿ.ಜಿ. ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟ್ರಿಗೆ ತೋರ್ಸಿ, ಸಣ್ಣ ಮಕ್ಳ ಬೆಳವಣಿಗೆ ನೋಡೋ ಡಿಇಐಸಿ ಅನ್ನೋ ಕೇಂದ್ರದ ಬಗ್ಗೆ ಅಲ್ಲೇ ಕೇಳ್ರಿ, ಊರಲ್ಲಿ ಅಂಗವೈಕಲ್ಯ ಇರೋರಿಗೆ ನೆರವಾಗೋ ಕೇಂದ್ರ ಸರ್ಕಾರದ ಸಿಆರ್‌ಸಿ ಕೇಂದ್ರನೂ ಐತೆ. ಚಿತ್ರದುರ್ಗದ ಕಡೆಯವ್ರು ಜಿಲ್ಲಾಸ್ಪತ್ರೆಲಿ ವಿಚಾರಿಸ್ರಿ. ಅಂಗನವಾಡಿ ಟೀಚರ್‌ಗೂ ಹೇಳಿಡ್ರಿ, ತಪಾಸಣೆ ಟೀಮ್ ಬಂದಾಗ ತೋರಿಸ್ತಾರೆ.

ದಡಾರದ ಇಂಜೆಕ್ಷನ್ನಿಂದಾನೇ ಹಿಂಗಾಯ್ತು ಅನ್ನೋರು ಸಿಕ್ತಾರೆ. 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಹಂಗಂತ ಬಂದಿದ್ದ ಲೇಖನವನ್ನ 2010ರಲ್ಲಿ ಆ ಪತ್ರಿಕೆನೇ ವಾಪಸ್ ತಗೊಂಡೈತೆ, ಹಾಕ್ಸೋದು ನಿಲ್ಲಿಸ್ಬೇಡ್ರಿ.

ಡಾಕ್ಟ್ರ ಹತ್ರ ಹೋಗೋಕೆ ಮುಂಚೆ ಮನೇಲಿ ಎರಡ್ಮೂರು ವಿಡಿಯೋ ಮಾಡ್ಕೊಳ್ರಿ, ಹೆಸರು ಕರೆದಾಗಿಂದು, ಊಟದ ಹೊತ್ತಿಂದು, ಒಬ್ಬನೇ ಆಡೋವಾಗಿಂದು. ಅಲ್ಲಿಗೆ ಹೋದ್ಮೇಲೆ ಮಕ್ಳು ಬರೀ ಅಳ್ತಾವೆ, ಹತ್ತು ನಿಮಿಷದಲ್ಲಿ ಅವ್ರಾದ್ರೂ ಏನು ನೋಡ್ತಾರೆ? ತಾಯಿ ಕಾರ್ಡ್ ಮರೀಬೇಡ್ರಿ, ಯಾವ ತಿಂಗಳಿಗೆ ಕೂತ, ಯಾವಾಗ ನಡೆದ ಅಂತ ಕೇಳೇ ಕೇಳ್ತಾರೆ, ಚೀಟಿಲಿ ಬರ್ಕೊಂಡು ಅದ್ರೊಳಗೇ ಇಟ್ಕೊಳ್ರಿ.