ಸ್ಟೆಪ್ನಿ ಇತ್ತು, ಕೆಳಗೆ ಇಳಿಯಲಿಲ್ಲ

ಬಳ್ಳಾರಿ ಜಾಲಿ ಅಂತ ಒಂದು ಮುಳ್ಳಿನ ಗಿಡ ಇದೆ. ಹೆಸರಲ್ಲಿ ನಮ್ಮ ಊರು ಇದ್ದರೂ ಅದು ನಮ್ಮದಲ್ಲ, ಅಮೆರಿಕ ಖಂಡದ ಕಡೆಯಿಂದ ಬಂದದ್ದು. ಬಂದು ಕೂತಿತು, ಮತ್ತೆ ಏಳಲಿಲ್ಲ. ಕೆರೆ ದಂಡೆ, ಕಾಲುವೆ ಬದಿ, ರೈಲ್ವೆ ಹಳಿ, ಎಲ್ಲಿ ನೋಡಿದರೂ ಅದೇ. 2022ರ ಫೆಬ್ರವರಿಯಲ್ಲಿ ಮುದಗಲ್ ಕೋಟೆ ನೋಡಿಕೊಂಡು ಜಲದುರ್ಗದ ಕಡೆ ಹೊರಟಿದ್ದ ನಾವು, ಬೆಳಿಗ್ಗೆ ಸ್ವಲ್ಪ ನೆರಳು ಸಿಗುತ್ತದೆ ಅಂತ ಆ ಜಾಲಿಯ ಪಕ್ಕದಲ್ಲೇ ರಾತ್ರಿ ಗಾಡಿ ನಿಲ್ಲಿಸಿದೆವು. ಬೆಳಿಗ್ಗೆ ಎದ್ದಾಗ ಒಲೆ ಮೇಲಿನ ಪಾತ್ರೆಯಲ್ಲಿ ನೀರು ಒಂದೇ ಅಂಚಿಗೆ ಬಂದು ನಿಂತಿತ್ತು. ಹೊರಗೆ ಬಂದು ನೋಡಿದರೆ ಎಡಗಡೆ ಹಿಂದಿನ ಟೈರು ನೆಲಕ್ಕೆ ಅಂಟಿತ್ತು.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. 2021ರಲ್ಲಿ ಸೆಕೆಂಡ್ ಹ್ಯಾಂಡ್ ತೊಗೊಂಡು, ಸೀಟು ಕಿತ್ತು, ಒಂದು ಮಂಚ, ಒಂದು ಒಲೆ, 60 ಲೀಟರಿನ ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ಮಾಡಿಕೊಂಡಿದ್ದೆವು. ಮಂಚದ ಹಲಗೆಗೆ ಯಾವ ಬಣ್ಣ ಅಂತ ಹದಿನೈದು ದಿನ ಚರ್ಚೆ ನಡೆದಿತ್ತು. ಸ್ಟೆಪ್ನಿ ಬಗ್ಗೆ ಒಂದು ನಿಮಿಷವೂ ಇಲ್ಲ. ಆ ಹೆಚ್ಚುವರಿ ಚಕ್ರ ಗಾಡಿ ಕೆಳಗೆ, ಹಿಂದಗಡೆ, ಸರಪಳಿಯಲ್ಲಿ ನೇತಾಡುತ್ತಿದೆ ಅಂತ ಗೊತ್ತಿತ್ತು. ಇದೆಯಲ್ಲ, ಸಾಕಲ್ಲ ಅಂದುಕೊಂಡಿದ್ದೆ.

ಮೊದಲು ಜಾಕಿಯ ಕಥೆ. ಟೈರಲ್ಲಿ ಗಾಳಿ ಇದ್ದಾಗ ಆಕ್ಸಲ್ ಕೆಳಗೆ ಆರಾಮಾಗಿ ಹೋಗುತ್ತಿದ್ದ ಬಾಟಲ್ ಜಾಕಿ, ಟೈರು ಕೂತಮೇಲೆ ಹೋಗಲೇ ಇಲ್ಲ. ಆಕ್ಸಲ್ಲೂ ಅಷ್ಟೇ ಕೆಳಗೆ ಇಳಿದಿರುತ್ತದಲ್ಲ! ಇದು ನನಗೆ ಹೊಳೆದದ್ದು ಅಲ್ಲಿ, ಹೊಟ್ಟೆ ಮೇಲೆ ಮಲಗಿಕೊಂಡಾಗ. ಸಲಿಕೆಯಿಂದ ಮಣ್ಣು ಕೆರೆದು ಜಾಕಿ ತೂರಿಸಿದೆ. ಎರಡು ಸಲ ಪಂಪ್ ಹೊಡೆದೆ. ಗಾಡಿ ಮೇಲೆ ಏಳಲಿಲ್ಲ, ಜಾಕಿಯೇ ಎರೆಮಣ್ಣಿನೊಳಗೆ ಇಳಿಯಿತು. ಒಣಗಿದ ಎರೆ ಮೇಲ್ಗಡೆ ಕಲ್ಲಿನ ಹಾಗೆ ಕಾಣುತ್ತದೆ, ಭಾರ ಬಿದ್ದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಕೊನೆಗೆ ಅಡುಗೆಯ ಚಪಾತಿ ಮಣೆಯನ್ನು ಜಾಕಿ ಕೆಳಗೆ ಇಟ್ಟೆ. ಮಣೆ ಎರಡು ಹೋಳಾಯಿತು, ಗಾಡಿ ಎದ್ದಿತು. ಮಣೆಯ ವಿಷಯ ಮನೆಯಲ್ಲಿ ಇವತ್ತಿಗೂ ಬರುತ್ತದೆ.

ಇನ್ನು ಸ್ಟೆಪ್ನಿ. ಅದನ್ನು ಇಳಿಸಲು ಹಿಂದಗಡೆ ಒಂದು ತಿರುಪು ಇರುತ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸರಪಳಿ ಸಡಿಲಾಗಿ ಚಕ್ರ ಕೆಳಗೆ ಬರಬೇಕು. ತಿರುಪು ತಿರುಗಲಿಲ್ಲ. ವರ್ಷಗಟ್ಟಲೆ ಮಳೆಗಾಲದ ಕೆಸರು, ಬೇಸಿಗೆಯ ಧೂಳು, ಅದರ ಮೇಲೆ ಮತ್ತೆ ಕೆಸರು ಸೇರಿ ಸರಪಳಿಯೂ ಕೊಂಡಿಯೂ ಒಂದೇ ಗಡ್ಡೆಯಾಗಿದ್ದವು. ಅಡುಗೆ ಎಣ್ಣೆ ಹಾಕಿದೆ. ಸುತ್ತಿಗೆಯಿಂದ ಬಡಿದೆ. ಒಂದು ಗಂಟೆ ಆಯಿತು.

ಅಷ್ಟರಲ್ಲಿ ಹಿಂಗಾರಿ ಜೋಳದ ಹೊಲಕ್ಕೆ ಹೊರಟಿದ್ದ ಒಬ್ಬರು ಟ್ರ್ಯಾಕ್ಟರ್ ನಿಲ್ಲಿಸಿದರು.

"ಏನ್ರೀ, ಸ್ಟೆಪ್ನಿ ಇಲ್ಲೇನು?"

"ಐತ್ರೀ. ಕೆಳಗ ಬರವಲ್ದು."

ಅವರು ಬಗ್ಗಿ ನೋಡಿದರು. ನಕ್ಕರು. "ಇದು ಸ್ಟೆಪ್ನಿ ಅಲ್ರೀ, ಗಾಡಿಗೆ ಕಟ್ಟಿದ ತಾಯತ" ಅಂದರು. ಟೂಲ್ ಬಾಕ್ಸಿನಿಂದ ಹ್ಯಾಕ್ಸಾ ತೆಗೆದು ಸರಪಳಿ ಕೊಯ್ದರು. ಚಕ್ರ ದೊಪ್ಪನೆ ಬಿತ್ತು. ಪುಟಿಯಲಿಲ್ಲ. ಗಾಳಿಯ ಮೀಟರ್ ಹಿಡಿದರೆ 18 ಪಿಎಸ್‌ಐ. ನಮ್ಮ ಗಾಡಿಗೆ 55 ಬೇಕು. ಟ್ರ್ಯಾಕ್ಟರ್‌ನವರ ಜತೆ ಚಕ್ರ ಹಾಕಿಕೊಂಡು ಹೋಗಿ, ಗಾಳಿ ಹೊಡೆಸಿಕೊಂಡು ಬಂದು, ಕೂರಿಸುವಷ್ಟರಲ್ಲಿ ಮಧ್ಯಾಹ್ನ. ಜಲದುರ್ಗ ಆ ಸಲ ನೋಡಲಾಗಲಿಲ್ಲ.

ಪಂಚರ್ ಅಂಗಡಿಯಲ್ಲಿ ಗೊತ್ತಾದ ಇನ್ನೊಂದು ವಿಷಯ ಹೇಳಲೇಬೇಕು. ಟೈರಿನ ಪಕ್ಕೆಯಲ್ಲಿ ಡಾಟ್ ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಸ್ಟೆಪ್ನಿಯಲ್ಲಿ 3114 ಅಂತ ಇತ್ತು. ಅಂದರೆ 2014ನೇ ಇಸವಿಯ 31ನೇ ವಾರ. ನೆಲ ಹಿಡಿಯುವ ಗುಂಡಿ ಸವೆದೇ ಇರಲಿಲ್ಲ, ಹೊಸ ಟೈರಿನ ಹಾಗೆ ಕಾಣುತ್ತಿತ್ತು. ಆದರೆ ಪಕ್ಕೆ ಒತ್ತಿ ಬಗ್ಗಿಸಿದರೆ ಕೂದಲೆಳೆಯಂಥ ಸಣ್ಣ ಸಣ್ಣ ಬಿರುಕು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಬಳ್ಳಾರಿಯ ಬಿಸಿಲಲ್ಲಿ ಇನ್ನೂ ಬೇಗ. ಅಂಥ ಟೈರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಷ್ಟು ದೂರ ವಾಪಸ್ ಬಂದಿದ್ದೆ.

ಅಂದಹಾಗೆ ಸ್ಟೆಪ್ನಿ ಅನ್ನೋದು ಒಂದು ಬೀದಿಯ ಹೆಸರು. ವೇಲ್ಸ್‌ನ ಲಾನೆಲಿ ಊರಿನ ಬೀದಿ. ಆಗಿನ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ಅಲ್ಲಿನ ಡೇವಿಸ್ ಅಣ್ಣತಮ್ಮಂದಿರು ಕಡ್ಡಿಯಿಲ್ಲದ ಒಂದು ರಿಮ್ಮಿಗೆ ಟೈರು ಹಾಕಿ, ಪಂಚರಾದ ಚಕ್ರದ ಮೇಲೇ ಬಿಗಿಯುವ ಹಾಗೆ ಮಾಡಿದರು. ಅದೇ ಸ್ಟೆಪ್ನಿ. ಇಂಗ್ಲಿಷಿನವರು ಆ ಪದ ಬಿಟ್ಟೇಬಿಟ್ಟಿದ್ದಾರೆ. ನಮ್ಮ ಲಾರಿ ಡ್ರೈವರುಗಳು ಬಿಟ್ಟಿಲ್ಲ.

ಊರಿಗೆ ಬಂದಮೇಲೆ ಹೊಸ ಟೈರು ತೊಗೊಂಡೆ. ಅದನ್ನು ಎಲ್ಲಿ ಇಡೋದು ಅನ್ನೋದೇ ದೊಡ್ಡ ಪ್ರಶ್ನೆ. ಹಳೆಯ ಜಾಗಕ್ಕೇ ಹಾಕಿಸಬಹುದಿತ್ತು. ಆದರೆ ಹೊಟ್ಟೆ ಮೇಲೆ ಮಲಗಿ, ಎರೆಮಣ್ಣಲ್ಲಿ ಹೊರಳಾಡುವ ಕೆಲಸ ಇನ್ನು ನನ್ನಿಂದ ಆಗದು ಅಂತ ತೀರ್ಮಾನ ಮಾಡಿದ್ದೆ. ಮಳೆಗಾಲದಲ್ಲಿ ಅಲ್ಲಿ ಮಲಗೋದು ಹೇಗೆ, ನೀವೇ ಹೇಳಿ.

ಮೊದಲು ಗಾಡಿಯೊಳಗೇ, ಮಂಚದ ಕೆಳಗೆ ಇಟ್ಟೆ. ಒಂದೇ ಟ್ರಿಪ್. ಏಪ್ರಿಲ್‌ನಲ್ಲಿ ಹೊರಗೆ 41 ಡಿಗ್ರಿ ಇದ್ದಾಗ ಮುಚ್ಚಿದ ಗಾಡಿಯಲ್ಲಿ ಹೊಸ ರಬ್ಬರಿನ ವಾಸನೆ ಏನು ಮಾಡುತ್ತದೆ ಅಂತ ಬರೆಯೋಕೆ ಹೋಗಲ್ಲ. ಮೇಲಾಗಿ ಸ್ಟೆಪ್ನಿ ಬೇಕಾದರೆ ಹಾಸಿಗೆ, ಚೀಲ, ಪಾತ್ರೆ ಎಲ್ಲಾ ರಸ್ತೆಗೆ ಹಾಕಬೇಕು. ಗಟ್ಟಿಯಾಗಿ ಕಟ್ಟದೆ ಇಟ್ಟರೆ ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗುವ ಭಯ ಬೇರೆ.

ಆಮೇಲೆ ಟಾಪ್. ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಡಿಸ್ಕ್ ಸಮೇತ ನಮ್ಮ ಚಕ್ರ ಗುಜರಿ ಅಂಗಡಿಯ ತಕ್ಕಡಿಯಲ್ಲಿ 26 ಕೆಜಿ ತೂಗಿತು. ಅದನ್ನು ಎಂಟು ಅಡಿ ಎತ್ತರದಿಂದ ಏಣಿ ಮೇಲೆ ಒಬ್ಬನೇ ಇಳಿಸಬೇಕು. ಮನೆ ಮುಂದೆ ಒಂದು ಸಲ ಇಳಿಸಿ ನೋಡಿದೆ. ಅರ್ಧ ದಾರಿಯಲ್ಲಿ ಕೈ ಜಾರಿ ಅದು ಪಕ್ಕದ ಮನೆಯ ತುಳಸಿಕಟ್ಟೆ ತನಕ ಉರುಳಿತು. ತುಳಸಿಗೆ ಏನೂ ಆಗಲಿಲ್ಲ. ಇಡೀ ದಿನ ಬಿಸಿಲು, ಮೇಲ್ಗಡೆ ಭಾರ, ಗಾಳಿಗೆ ತಡೆ, ಇವೆಲ್ಲ ಇದ್ದೇ ಇವೆ. ಟಾಪ್ ಬೇಡ ಅಂತ ಬಿಟ್ಟದ್ದು ಮಾತ್ರ ಆ ತುಳಸಿಕಟ್ಟೆಯ ಕಾರಣಕ್ಕೆ.

ಮೂರನೆಯದು ಹಿಂದಿನ ಬಾಗಿಲು. ಬೊಲೆರೊಗೆ ಇರುತ್ತದಲ್ಲ, ನಮಗ್ಯಾಕೆ ಬೇಡ ಅಂತ ಬಾಗಿಲ ತಗಡಿಗೇ ಒಂದು ಪ್ಲೇಟ್ ಬೋಲ್ಟ್ ಮಾಡಿಸಿದೆ. ಬೊಲೆರೊ ಬಾಗಿಲನ್ನು ಆ ಭಾರಕ್ಕೆಂದೇ ಮಾಡಿರುತ್ತಾರೆ, ನಮ್ಮದನ್ನಲ್ಲ. ಒಂದು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಬಾಗಿಲು ಜೋತುಬಿತ್ತು, ಎತ್ತಿ ಹಿಡಿದರೇನೇ ಲಾಕ್ ಬೀಳುತ್ತಿತ್ತು. ಹಿಂಜಿನ ಸುತ್ತ ಬಣ್ಣ ಸೀಳಿತ್ತು.

ಕೊನೆಗೆ ಬಳ್ಳಾರಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಒಬ್ಬರ ಹತ್ತಿರ ಹೋದೆ. ಕ್ಯಾಂಪರ್ ಅಂದರೆ ಏನು ಅಂತ ಅವರಿಗೆ ವಿವರಿಸೋಕೆ ಹತ್ತು ನಿಮಿಷ ಬೇಕಾಯಿತು. ಚಕ್ರ ಎಲ್ಲಿ ನೇತುಹಾಕಬೇಕು ಅಂತ ವಿವರಿಸುವ ಅಗತ್ಯವೇ ಬೀಳಲಿಲ್ಲ. "ತಗಡಿಗೆ ಬ್ಯಾಡ್ರೀ, ಚಾಸಿಗೆ ಕೂಡ್ರಸೋಣ" ಅಂದರು. ಚಾಸಿ ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು. ಅದರ ಎರಡೂ ಉದ್ದದ ಪಟ್ಟಿಗಳ ಕೊನೆಗೆ ಅಡ್ಡಲಾಗಿ ಒಂದು ಚೌಕದ ಪೈಪು. ಆ ಪೈಪಿನ ಬಲತುದಿಯಲ್ಲಿ ಟ್ರಾಲಿಗೆ ಹಾಕುವಂಥ ದಪ್ಪ ಪಿನ್ನು, ಬುಷ್ಷು, ಗ್ರೀಸ್ ಹೊಡೆಯಲು ನಿಪ್ಪಲ್. ಆ ಪಿನ್ನಿನ ಮೇಲೆ ಗೇಟಿನ ಹಾಗೆ ತಿರುಗುವ ಒಂದು ತೋಳು. ತೋಳಿಗೆ ಚಕ್ರ. ಹಿಂದಿನ ಬಾಗಿಲು ತೆಗೆಯಬೇಕಾದರೆ ಮೊದಲು ತೋಳನ್ನು ಪಕ್ಕಕ್ಕೆ ತಳ್ಳಬೇಕು. ಮುಚ್ಚಿದಾಗ ಗಡಗಡ ಅನ್ನದಿರಲಿ ಅಂತ ಲಾಕಿನ ಹತ್ತಿರ ಗಣಿಯ ಕನ್ವೇಯರ್ ಬೆಲ್ಟಿನ ಒಂದು ತುಂಡು ಒತ್ತಿಗೆ ಕೊಟ್ಟರು. ನಮ್ಮ ಕಡೆ ಗುಜರಿಯಲ್ಲಿ ಅದಕ್ಕೇನು ಬರವಿಲ್ಲ.

ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಚಕ್ರದ ಕೆಳ ಅಂಚು ನನ್ನ ಮೊಣಕಾಲಿನ ಎತ್ತರ ದಾಟಬಾರದು. ನಟ್ ಬಿಚ್ಚಿದರೆ ಅದು ತೊಡೆಗೆ ಒರಗಿಕೊಂಡು ತಾನೇ ನೆಲಕ್ಕೆ ಇಳಿಯಬೇಕು, ಎದೆಮಟ್ಟಕ್ಕೆ ಎತ್ತಿ ಇಳಿಸುವ ಹಾಗಿರಬಾರದು. ಹಾಗೇ ಆಗಿದೆ. ನಂಬರ್ ಪ್ಲೇಟು, ಬ್ರೇಕ್ ಲೈಟು ಮುಚ್ಚಬಾರದು, ಅದಕ್ಕಾಗಿ ಚಕ್ರವನ್ನು ಸ್ವಲ್ಪ ಬಲಕ್ಕೆ ಸರಿಸಿದೆವು. ರಿವರ್ಸ್ ಕ್ಯಾಮೆರಾ ಮಾತ್ರ ಕಣ್ಣು ಮುಚ್ಚಿಕೊಂಡಿತು, ಅದನ್ನು ಮೇಲಕ್ಕೆ ಹಾಕಿಸಿದೆ. ಒಂದು ಎಚ್ಚರಿಕೆ: ನೋಂದಣಿ ಪುಸ್ತಕದಲ್ಲಿ ಇರುವುದಕ್ಕಿಂತ ಗಾಡಿ ಬೇರೆ ಆಗುವ ಹಾಗೆ ಏನೇ ಮಾಡಿಸಿದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎದುರಾಗುತ್ತದೆ. ಬೆಸುಗೆಗೆ ಮುಂಚೆಯೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಕ್ಯಾಂಪರ್ ಮಾಡಿಸಿದಾಗಲೇ ಇದನ್ನೂ ಸೇರಿಸಿದ್ದರೆ ನನಗೆ ಒಂದು ಓಡಾಟ ಉಳಿಯುತ್ತಿತ್ತು.

ಭಾರದ ಲೆಕ್ಕ ನೋಡಿ. ಚಕ್ರ 26 ಕೆಜಿ, ಕಬ್ಬಿಣ 18. ಒಟ್ಟು 44. ಇದು ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಹಿಂದೆ ಇದೆ. ಎರಡು ಆಕ್ಸಲ್ ನಡುವಿನ ಅಂತರ 3.35 ಮೀಟರ್. ಏತದ ಹಾಗೆ, ಹಿಂದಗಡೆ ಒತ್ತಿದರೆ ಮುಂದಗಡೆ ಏಳುತ್ತದೆ. 44ನ್ನು 1.4ರಿಂದ ಗುಣಿಸಿ 3.35ರಿಂದ ಭಾಗಿಸಿದರೆ ಮುಂದಿನ ಚಕ್ರಗಳ ಮೇಲಿಂದ ಸುಮಾರು 18 ಕೆಜಿ ಕಿತ್ತ ಹಾಗಾಯಿತು. ದೊಡ್ಡದೇನಲ್ಲ. ಆದರೆ ನಮ್ಮ ನೀರಿನ ಟ್ಯಾಂಕೂ ಹಿಂದೆಯೇ ಇತ್ತು. ಅದನ್ನು ಡ್ರೈವರ್ ಸೀಟಿನ ಹಿಂದಕ್ಕೆ ತಂದೆ. ಸ್ಟೇರಿಂಗ್ ಮತ್ತೆ ನೆಲ ಹಿಡಿದ ಹಾಗಾಯಿತು.

ಈಗ ಸ್ಟೆಪ್ನಿಗೆ ಬಿಳಿ ರೆಕ್ಸಿನ್ ಕವರ್ ಇದೆ, ಬಿಸಿಲಿಗೆ. ಐದೂ ಚಕ್ರಗಳಿಗೆ ತಿಂಗಳಿಗೊಮ್ಮೆ ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ಗಾಳಿ ನೋಡುತ್ತೇನೆ. ಬೆಳಿಗ್ಗೆ 55 ಇದ್ದದ್ದು ಮೇ ತಿಂಗಳ ಮಧ್ಯಾಹ್ನ ಸಿಂಧನೂರು ರಸ್ತೆಯಲ್ಲಿ ಅಳೆದರೆ 62 ತೋರಿಸುತ್ತದೆ. ಬಿಸಿಗೆ ಏರಿದ ಗಾಳಿ ಅದು. ಜಾಸ್ತಿಯಾಯಿತು ಅಂತ ಹೊರಗೆ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸರದಿಗೆ ಹಾಕುತ್ತೇನೆ. ಸುಮ್ನೆ ನೇತಾಡಿ ಮುದುಕಾಗೋದಕ್ಕಿಂತ ಅದೂ ಓಡಲಿ. ಜತೆಗೆ ಒಂದು ಹೊಸ ಟ್ಯೂಬು, ಬ್ಯಾಟರಿಗೆ ಹಾಕುವ ಗಾಳಿ ಪಂಪು, ಸ್ಪ್ಯಾನರಿಗೆ ತೊಡಿಸಲು ಎರಡಡಿ ಪೈಪು, ಒಂದು ಅಡಿ ಚೌಕದ ದಪ್ಪ ಸಾಗವಾನಿ ಹಲಗೆ ಎರಡು. ಒಂದು ಜಾಕಿ ಕೆಳಗೆ. ಇನ್ನೊಂದರ ಮೇಲೆ ಕೂತ ಟೈರನ್ನು ಮೆಲ್ಲಗೆ ಹತ್ತಿಸಿದರೆ ಜಾಕಿ ತೂರುವಷ್ಟು ಜಾಗ ಸಿಗುತ್ತದೆ. ಚಪಾತಿ ಮಣೆ ಈಗ ಕಲ್ಲಿನದು.

"ಈಗ ಕಾರಿಗೇ ಸ್ಟೆಪ್ನಿ ಬೇಡ ಅಂತಾರೆ, ನಿಮಗ್ಯಾಕೆ ಇಷ್ಟೆಲ್ಲ" ಅಂತ ಒಬ್ಬ ಗೆಳೆಯ ಕೇಳಿದ. 2020ರಲ್ಲಿ ನಿಯಮ ಬದಲಾದದ್ದು ನಿಜ. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಇದ್ದರೆ ಮೂರೂವರೆ ಟನ್ ಒಳಗಿನ ಕಾರುಗಳು ಸ್ಟೆಪ್ನಿ ಇಲ್ಲದೆ ಬರಬಹುದು. ಆದರೆ ಕಿಟ್ಟಿನ ಅಂಟು ಮೊಳೆಯ ತೂತನ್ನು ಮುಚ್ಚುತ್ತದೆ, ಪಕ್ಕೆ ಸೀಳಿದರೆ ಏನೂ ಮಾಡಲ್ಲ. ನಮಗೆ ಎರಡನೇ ಸಲ ಆದದ್ದು ಅದೇ. ಸಂಡೂರಿನಿಂದ ವಾಪಸ್ ಬರುವಾಗ ಅದಿರು ಲಾರಿಗೆ ದಾರಿ ಬಿಡಲು ರಸ್ತೆ ಕೆಳಗೆ ಇಳಿದೆ. ಚೂಪು ಕಲ್ಲೊಂದು ಮುಂದಿನ ಟೈರಿನ ಪಕ್ಕೆಯನ್ನು ಮೂರು ಬೆರಳಗಲ ಕೊಯ್ದಿತು.

ನಟ್‌ಗಳನ್ನು ಟೈರು ನೆಲದಲ್ಲಿರುವಾಗಲೇ ಸಡಿಲಿಸಿದೆ, ಆಮೇಲೆ ಎತ್ತಿದೆ. ಹೊಸ ಚಕ್ರವನ್ನು ಸಲಿಕೆಯ ಮೇಲೆ ನಿಲ್ಲಿಸಿ, ಹಿಡಿಯನ್ನು ಕಾಲಿನಿಂದ ಒತ್ತಿದರೆ ಅದು ತಾನೇ ಬೋಲ್ಟಿನ ಎತ್ತರಕ್ಕೆ ಏಳುತ್ತದೆ, ಎತ್ತುವ ಕೆಲಸವೇ ಇಲ್ಲ. ಎದುರು ಬದುರು ನಟ್ ಬಿಗಿದೆ. ಮಗಳು ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದಳು. 27 ನಿಮಿಷ. ತೋರಣಗಲ್ಲಿನಲ್ಲಿ ಚಹಾ ಕುಡಿಯಲು ನಿಂತಾಗ ಇನ್ನೊಮ್ಮೆ ನಟ್ ಬಿಗಿ ಮಾಡಿದೆ, ಎರಡು ನಟ್ ಕಾಲು ಸುತ್ತು ತಿರುಗಿದವು. ಅಲ್ಲಿಂದ ಬಳ್ಳಾರಿ ತನಕ ಸ್ಟೆಪ್ನಿ ಇಲ್ಲದೆ 50ರ ವೇಗದಲ್ಲಿ ಬಂದೆ.

ಮರುದಿನ ಟೈರಿನ ಅಂಗಡಿಯಲ್ಲಿ ಹುಡುಗ ಹೊಸದೊಂದನ್ನು ಉರುಳಿಸಿಕೊಂಡು ತಂದ. ಬಗ್ಗಿ ಆ ನಾಲ್ಕು ಅಂಕಿ ಓದಿದೆ. ಮೂರು ವರ್ಷ ಹಳೆಯದು. "ಇದನ್ನ ಒಳಗಿಡಪ್ಪ, ಬೇರೆ ತೊಗೊಂಡು ಬಾ" ಅಂದೆ. ಅವನು ನನ್ನನ್ನೂ ಟೈರನ್ನೂ ಒಂದು ಸಲ ನೋಡಿ, ಏನೂ ಅನ್ನದೆ ಗೋಡೌನಿಗೆ ಹೋದ.