ಆರಿದ ದೀಪ ಮತ್ತೆ ಮತ್ತೆ ಬಂದರೆ: ಹೈಬ್ರಿಡ್ ಕಾರಿನ ವಾರ್ನಿಂಗ್ ಲೈಟ್ ಬೆನ್ನು ಹತ್ತುವುದು ಹೇಗೆ?

ನನ್ನ ಹೈಬ್ರಿಡ್ ಕಾರಿಗೆ, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರಿಗೆ, ಎರಡು ವರ್ಷವೂ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ತುಂಬ ದೀಪ. ಇಂಜಿನ್, ಎಬಿಎಸ್, ಸ್ಟೀರಿಂಗ್, ಮುಂದಿನ ಕ್ಯಾಮೆರಾ, ಸಾಲದ್ದಕ್ಕೆ 'ಹೈಬ್ರಿಡ್ ಸಿಸ್ಟಂ ಪರೀಕ್ಷಿಸಿ' ಅಂತ ಒಂದು ಸಾಲು. ವರ್ಕ್‌ಶಾಪ್ ಮುಟ್ಟುವಷ್ಟರಲ್ಲಿ ಎಲ್ಲ ಆರಿಹೋಗಿ, ಕಾರು ಏನೂ ಅರಿಯದ ಕೂಸಿನ ಹಾಗೆ ನಿಂತಿತ್ತು. 'ಏನೂ ಇಲ್ಲ ಸರ್, ಕೋಡ್ ಕ್ಲಿಯರ್ ಮಾಡಿದ್ದೀವಿ, ತಗೊಂಡು ಹೋಗಿ' ಎಂದರು. ಹತ್ತು ದಿನ ಬಿಟ್ಟು ಮತ್ತೆ ಅದೇ ಜಾತ್ರೆ. ಹೀಗೆ ಮೂರು ಸಲ ಆಯಿತು.

ಮೂರನೇ ಸಲ ವಾಪಸ್ ಬರುವಾಗ ನನಗೆ ಹೊಳೆಯಿತು. ದೋಷ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಗುರುತೇ ಕೋಡ್. ಪ್ರತಿ ಸಲ ಅದನ್ನು ಅಳಿಸಿ ಅವರು ಕಾಯಿಲೆ ಬರೆದಿಟ್ಟ ಚೀಟಿಯನ್ನೇ ಹರಿದು ಹಾಕುತ್ತಿದ್ದರು. ಬಂದು ಹೋಗುವ ದೀಪವನ್ನು ಹಿಡಿಯಬೇಕಾದರೆ ಅದು ಬಂದ ಹೊತ್ತಿನ ಗುರುತು ಬೇಕು, ಆ ಹೊತ್ತಿನಲ್ಲಿ ಕಾರಿನೊಳಗೆ ಇರುವುದು ನೀವು ಮಾತ್ರ. ಹಾಗಾಗಿ ಅರ್ಧ ಕೆಲಸ ನಿಮ್ಮದೇ.

ಮೊದಲು ಬಣ್ಣ ನೋಡಿ

ಕೆಂಪು ದೀಪ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬ್ರೇಕ್, ಆಯಿಲ್ ಒತ್ತಡ, ವಿಪರೀತ ಬಿಸಿ, ಇವುಗಳಲ್ಲಿ 'ಮನೆ ತನಕ ಹೋಗಿ ನೋಡೋಣ' ಅನ್ನುವ ಮಾತಿಲ್ಲ. ಹೈಬ್ರಿಡ್‌ಗಳಲ್ಲಿ ಬ್ರೇಕ್ ಕೂಡ ಬಹುಪಾಲು ಕಂಪ್ಯೂಟರ್ ಮೂಲಕವೇ ಕೆಲಸ ಮಾಡುತ್ತದೆ, ಅದಕ್ಕೇ ಕೆಂಪು ಬ್ರೇಕ್ ದೀಪದ ಜೊತೆ ಜೂಜಾಡಬೇಡಿ. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಹೋಗಬಹುದು. ಇಂಜಿನ್ ದೀಪ ಮಿಟುಕುತ್ತಿದ್ದರೆ ಮಾತ್ರ ವಿಷಯ ಬೇರೆ. ಸಾಮಾನ್ಯವಾಗಿ ಅದು ಮಿಸ್‌ಫೈರ್ (ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಸೂಚನೆ, ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಕೆಲವು ಕಾರುಗಳಲ್ಲಿ ಆಮೆಯ ಚಿತ್ರ ಬರುತ್ತದೆ: ಶಕ್ತಿ ಕಡಿಮೆ ಮಾಡಿದ್ದೇನೆ ಅಂತ ಅರ್ಥ. ಆಗ ಓವರ್‌ಟೇಕ್ ಸಾಹಸ ಬೇಡ.

ಆಫ್ ಮಾಡುವ ಮುಂಚೆ ಫೋಟೋ

ದೀಪ ಕಂಡ ತಕ್ಷಣ ಆಫ್ ಮಾಡಿ ಆನ್ ಮಾಡುವುದು ನಮ್ಮೆಲ್ಲರ ಅಭ್ಯಾಸ, ಟಿವಿಗೆ ತಟ್ಟಿದ ಹಾಗೆ. ಕಾರು ನಿಲ್ಲಿಸಿಕೊಂಡು ಮೊದಲು ಇಡೀ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ, ಸಂದೇಶ ಬದಲಾಗುತ್ತಿದ್ದರೆ ವಿಡಿಯೋ ಮಾಡಿ. ಆಮೇಲೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನ, ಹೊತ್ತು, ಓಡಿದ ಕಿಲೋಮೀಟರ್, ಎಷ್ಟು ದಿನ ನಿಂತಿತ್ತು, ಹೊರಟ ಎಷ್ಟು ನಿಮಿಷಕ್ಕೆ ಬಂತು, ಮಳೆ ಇತ್ತಾ, ಎಸಿ ಹಾಕಿದ್ದಿರಾ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಹಂಪ್ ಹಾರಿಸಿದ ಮೇಲೆ ಬಂತಾ. ಮೊದಲೆರಡು ಸಲ ಇದು ಹುಚ್ಚು ಅನ್ನಿಸುತ್ತದೆ. ನಾಲ್ಕು ಸಾಲು ತುಂಬಿದಾಗ ಒಂದು ನಮೂನೆ ತಾನಾಗೇ ಕಾಣಿಸಿಕೊಳ್ಳುತ್ತದೆ. ಮಳೆಯಲ್ಲೇ ಬರುವ ದೀಪ ಸಾಮಾನ್ಯವಾಗಿ ನೀರು ಸೇರಿದ ಕನೆಕ್ಟರ್ ಕಡೆ ಕೈ ತೋರಿಸುತ್ತದೆ. ಹಂಪಿನಲ್ಲೇ ಬರುವುದು ಸಡಿಲವಾದ ವೈರಿನ ಕಡೆ, ಇಲ್ಲವೇ ಇಲಿ ಕಡಿದ ವೈರಿನ ಕಡೆ. ಗಂಟೆಗಟ್ಟಲೆ ಓಡಿದ ಮೇಲೆ ಬರುವುದು ಬಿಸಿಯ ಕಡೆ. ಮೂರು ದಿನ ನಿಂತು ಹೊರಟಾಗ ಬರುವುದು? ಅದಕ್ಕೆ ಆಮೇಲೆ ಬರುತ್ತೇನೆ.

ದೀಪ ತಾನಾಗೇ ಆರುವುದು ಯಾಕೆ

ಇದರಲ್ಲಿ ಪವಾಡ ಏನಿಲ್ಲ. ಹೊಗೆಗೆ ಸಂಬಂಧಿಸಿದ ಎಷ್ಟೋ ದೋಷಗಳಿಗೆ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಮೊದಲ ಸಲ ಕಂಡಾಗ 'ಪೆಂಡಿಂಗ್' ಅಂತ ಗುಟ್ಟಾಗಿ ಬರೆದಿಟ್ಟುಕೊಂಡು, ಮುಂದಿನ ಓಟದಲ್ಲೂ ಅದೇ ಕಂಡರೆ ಇಂಜಿನ್ ದೀಪ ಹಚ್ಚುತ್ತದೆ. ಆಮೇಲೆ ಸತತ 3 ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರಿಸುತ್ತದೆ, ಆದರೆ ಕೋಡ್ ಮಾತ್ರ ನೆನಪಿನಲ್ಲೇ ಇರುತ್ತದೆ. ಇಂಜಿನ್ ಸುಮಾರು 40 ಸಲ ತಣ್ಣಗಾಗಿ ಬಿಸಿಯಾಗುವ ತನಕ ಅದು ಹೋಗುವುದಿಲ್ಲ. ಅಂದರೆ ದೀಪ ಆರಿದ ಮೇಲೂ ವರ್ಕ್‌ಶಾಪಿನವರಿಗೆ ಓದಲು ಸಾಕಷ್ಟು ಸಿಗುತ್ತದೆ, ಯಾರೂ ಅಳಿಸದಿದ್ದರೆ. ಹೋಗುವ ಮುಂಚೆ ಬ್ಯಾಟರಿ ವೈರ್ ತೆಗೆದು ಹಾಕುವ 'ಮನೆಮದ್ದು' ಮಾಡಿದರೆ ನೀವೇ ಸಾಕ್ಷಿ ಅಳಿಸಿದ ಹಾಗೆ.

ಹೈಬ್ರಿಡ್‌ನಲ್ಲಿ ಇನ್ನೊಂದು ತೊಡಕು ಇದೆ. ಇಂಜಿನ್ ನಡುನಡುವೆ ನಿಂತು ಹೋಗುವುದರಿಂದ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಜಾಸ್ತಿ ದಿನ ತಗೊಳ್ಳಬಹುದು. ಹಾಗಾಗಿ ಕೋಡ್ ಅಳಿಸಿದ ಮೇಲೆ ಒಂದು ವಾರ ದೀಪ ಬರಲಿಲ್ಲ ಅಂದರೆ ಸರಿಹೋಯಿತು ಅಂತ ಅಲ್ಲ, ಪರೀಕ್ಷೆಯೇ ಇನ್ನೂ ಮುಗಿಯದೆ ಇರಬಹುದು.

ದೊಡ್ಡದನ್ನು ಬಿಡಿ, ಚಿಕ್ಕ ಬ್ಯಾಟರಿ ನೋಡಿ

'ಹೈಬ್ರಿಡ್ ಸಿಸ್ಟಂ' ಅನ್ನುವ ಪದ ಕಂಡರೆ ಎಲ್ಲರ ಎದೆ ಧಸಕ್ ಅನ್ನುವುದು ದೊಡ್ಡ ಬ್ಯಾಟರಿಯ ಬಿಲ್ ನೆನೆದು. ಆದರೆ ಹೊಸ ಕಾರಿನಲ್ಲಿ ನಾನಾ ದೀಪಗಳು ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ 12 ವೋಲ್ಟಿನ ಸಾದಾ ಬ್ಯಾಟರಿಯ ಮೇಲೆ. ಮೂರು ದಿನ ನಿಂತು ಹೊರಟಾಗ ಬರುವ ದೀಪವೂ ಇದರ ಕಡೆಗೇ ಕೈ ತೋರಿಸುತ್ತದೆ. ಮಾಮೂಲಿ ಕಾರಿನಲ್ಲಿ ಇದು ಸೋತರೆ ಸೆಲ್ಫ್ ಹೊಡೆಯುವಾಗ ಗೊರ ಗೊರ ಅಂದು ನಮಗೆ ಗೊತ್ತಾಗುತ್ತದೆ. ಹೆಚ್ಚಿನ ಪೂರ್ಣ ಹೈಬ್ರಿಡ್‌ಗಳಲ್ಲಿ (ಮೋಟಾರ್ ಒಂದರಿಂದಲೇ ಸ್ವಲ್ಪ ದೂರ ಓಡಬಲ್ಲವು) ಇಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿ. ಚಿಕ್ಕದರ ಕೆಲಸ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ರಿಲೇ, ಅಂದರೆ ಒಳಗಿನ ಸ್ವಿಚ್ ಹಾಕುವುದು. ಅದು ಅರೆಜೀವ ಆದಾಗ ಒಂದೊಂದು ಕಂಪ್ಯೂಟರ್ ಒಂದೊಂದು ಹೊತ್ತಿಗೆ ಎಚ್ಚರಗೊಳ್ಳುತ್ತದೆ. ಪಕ್ಕದವನು ಮಾತಾಡುತ್ತಿಲ್ಲ ಅಂತ ಒಬ್ಬರ ಮೇಲೊಬ್ಬರು ದೂರು ಕೊಡುತ್ತಾರೆ, ನಿಮ್ಮ ಮುಂದೆ ದೀಪಗಳ ಸಾಲು. ಸ್ವಲ್ಪ ದೂರ ಓಡಿಸಿದರೆ ಬ್ಯಾಟರಿ ಚಾರ್ಜ್ ಆಗಿ ಎಲ್ಲ ಮಾಯ.

ಹತ್ತಿರ ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಇದ್ದರೆ ನೀವೇ ನೋಡಬಹುದು. ಬ್ಯಾಟರಿ ಡಿಕ್ಕಿಯಲ್ಲೋ ಹಿಂದಿನ ಸೀಟಿನ ಕೆಳಗೋ ಇರಬಹುದು, ಮ್ಯಾನುಯಲ್‌ನಲ್ಲಿ ಜಾಗ ಬರೆದಿರುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬಾಗಿಲು ತೆಗೆದ ಕೂಡಲೇ ಕಂಪ್ಯೂಟರ್‌ಗಳು ಏಳುತ್ತವೆ, ಅದಕ್ಕೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಕಳ್ಳ ಸಿಕ್ಕಿದ ಹಾಗೆ. ಇನ್ನು ಕಾರು ಓಡಲು ಸಿದ್ಧ ಅನ್ನುವ 'ರೆಡಿ' ದೀಪ ಹತ್ತಿದ ಮೇಲೆ ಅದು ಸುಮಾರು 13.5ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಕಡೆ ನೋಡಿಸಿ, ಯಾಕೆಂದರೆ ಮಾಮೂಲಿ ಕಾರಿನಲ್ಲಿ ಆ ಕೆಲಸ ಮಾಡುವ ಆಲ್ಟರ್ನೇಟರ್ ಈ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಚಿಕ್ಕ ಬ್ಯಾಟರಿಯೂ ಲಿಥಿಯಂನದು, ಅವಕ್ಕೆ ಈ ಅಂಕಿಗಳು ಹೊಂದುವುದಿಲ್ಲ.

ಎರಡು ವರ್ಷಕ್ಕೇ ಬ್ಯಾಟರಿ ಸೋಲುವುದು ಯಾಕೆ ಅಂದರೆ, ನಾವೇ ಸೋಲಿಸುತ್ತೇವೆ. ದಿನಾ ಎರಡು ಕಿಲೋಮೀಟರ್ ಓಟ. ಇಲ್ಲವೇ ಕಾರು ರೆಡಿ ಮಾಡದೆ ಆಕ್ಸೆಸರಿಯಲ್ಲೇ ಕೂತು ಹಾಡು ಕೇಳುವುದು. ಕಾರಿನ ಪಕ್ಕದ ಗೋಡೆಗೇ ಸ್ಮಾರ್ಟ್ ಕೀ ನೇತು ಹಾಕುವುದು ಇನ್ನೊಂದು, ಕಾರು ಅದರ ಜೊತೆ ರಾತ್ರಿಯಿಡೀ ಪಿಸುಮಾತು ಆಡುತ್ತಿರುತ್ತದೆ. ನನ್ನದು ಡ್ಯಾಶ್‌ಕ್ಯಾಮ್. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಆಗಲಿ ಅಂತ ಸದಾ ಕರೆಂಟ್ ಬರುವ ವೈರಿಗೆ ಹಾಕಿಸಿದ್ದೆ. ನಾಲ್ಕು ದಿನ ನಿಂತ ಕಾರಿನಲ್ಲಿ ಮೀಟರ್ ತೋರಿಸಿದ್ದು 11.8.

ಕೈಗೆಟುಕುವ ಇನ್ನಷ್ಟು ಜಾಗ

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಟಕ್ ಟಕ್ ಅನ್ನುವ ತನಕ ತಿರುಗಿಸಿದ್ದೀರಾ ನೋಡಿ, ಆವಿ ಸೋರಿದರೂ ಇಂಜಿನ್ ದೀಪ ಬರುತ್ತದೆ. ಬಿಗಿ ಮಾಡಿದ ಕೂಡಲೇ ಆರುವುದಿಲ್ಲ, ಕೆಲವು ದಿನ ಬೇಕು. ಟೈರ್ ದೀಪ ಬೆಳಿಗ್ಗೆ ಬಂದು ಮಧ್ಯಾಹ್ನ ಹೋದರೆ ಅದು ಚಳಿಯ ಆಟ: ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಗಾಳಿಯ ಒತ್ತಡ ಸರಿಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಹಿಂದಿನ ಸೀಟಿನ ಬದಿಯಲ್ಲೋ ಕೆಳಗೋ ಒಂದು ಜಾಲರಿ ಇದ್ದರೆ ಅದರ ಮೇಲೆ ಚೀಲ, ಕಂಬಳಿ ಇಡಬೇಡಿ. ಎಷ್ಟೋ ಮಾದರಿಗಳಲ್ಲಿ ದೊಡ್ಡ ಬ್ಯಾಟರಿ ಉಸಿರಾಡುವುದು ಅಲ್ಲಿಂದಲೇ. ಅದರ ಫಿಲ್ಟರ್‌ನಲ್ಲಿ ಧೂಳು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗಿ ಎಚ್ಚರಿಕೆ ಬರುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರ್ ತಣಿಸುವ ಕೂಲಂಟ್‌ಗೆ ಹಲವು ಕಾರುಗಳಲ್ಲಿ ಬೇರೆಯೇ ಡಬ್ಬಿ ಇದೆ. ಮಟ್ಟ ಕಣ್ಣಲ್ಲಿ ನೋಡಿದರೆ ಸಾಕು, ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡ ಕಡೆ ನಿಮ್ಮ ಕೆಲಸ ಮುಗಿಯಿತು. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಅಲ್ಲಿಗೆ ತರಬೇತಿ ಇದ್ದವರು ಮಾತ್ರ ಕೈ ಹಾಕಬೇಕು.

ಒಂದು ದೋಷ, ಐದು ದೀಪ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ (ದೋಷ ಪರೀಕ್ಷೆಯ) ಸಾಕೆಟ್‌ಗೆ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲೇ ಕೋಡ್ ಓದಬಹುದು. ಆದರೆ ಸಾದಾ ಆ್ಯಪ್‌ಗಳು ಓದುವುದು ಹೆಚ್ಚಾಗಿ ಇಂಜಿನ್ ಕೋಡ್‌ಗಳನ್ನು. ಹೈಬ್ರಿಡ್, ಬ್ರೇಕ್, ಕ್ಯಾಮೆರಾ ಕಂಪ್ಯೂಟರ್‌ಗಳ ಒಳಗೆ ಇಣುಕಲು ನಿಮ್ಮ ಮಾದರಿಗೆ ಹೊಂದುವ ಆ್ಯಪ್ ಬೇಕು. ಕೋಡಿನ ಮೊದಲ ಅಕ್ಷರ ನೋಡಿ: ಪಿ ಅಂದರೆ ಇಂಜಿನ್ ಮತ್ತು ಹೈಬ್ರಿಡ್, ಸಿ ಅಂದರೆ ಬ್ರೇಕ್-ಸ್ಟೀರಿಂಗ್, ಬಿ ಅಂದರೆ ಬಾಡಿ, ಯು ಅಂದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ. ರಾಶಿ ರಾಶಿ ಯು ಕೋಡ್ ಇದ್ದರೆ ಮತ್ತೆ ಚಿಕ್ಕ ಬ್ಯಾಟರಿ, ಅರ್ಥಿಂಗ್, ಕನೆಕ್ಟರ್. ಪಿ0ಎ80 ಬಂದರೆ ಅದು ದೊಡ್ಡ ಬ್ಯಾಟರಿಯದೇ ದೂರು. ಪಿ0ಎಎ6 ಅಂದರೆ ಹೈ ವೋಲ್ಟೇಜ್ ಎಲ್ಲೋ ಬಾಡಿಗೆ ಸೋರುತ್ತಿರಬಹುದು, ಇದನ್ನು ಮುಂದೂಡಬೇಡಿ.

ದೀಪಗಳ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಇಂಜಿನ್‌ನಲ್ಲಿ ದೋಷ ಕಂಡರೆ ಅನೇಕ ಕಾರುಗಳು ಮುನ್ನೆಚ್ಚರಿಕೆಗೆ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್, ವೇಗ ತಾನೇ ಕಾಯ್ದುಕೊಳ್ಳುವ ಕ್ರೂಸ್ ಎಲ್ಲ ಆಫ್ ಮಾಡಿ ಅವುಗಳ ದೀಪವನ್ನೂ ಹಚ್ಚುತ್ತವೆ. ಕೋಡ್ ಬರೆದಿಟ್ಟುಕೊಳ್ಳಿ. ಕ್ಲಿಯರ್ ಬಟನ್ ಕಡೆ ಬೆರಳು ಹೋಗದಿರಲಿ.

ವರ್ಕ್‌ಶಾಪಿನಲ್ಲಿ ಏನು ಕೇಳಬೇಕು

ದೀಪ ಉರಿಯುತ್ತಿದ್ದು ಓಡಿಸುವ ಸ್ಥಿತಿ ಇದ್ದರೆ ಆಫ್ ಮಾಡದೆ ನೇರ ಅಲ್ಲಿಗೇ ಹೋಗಿ. ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ 'ಲೈಟ್ ಚೆಕ್' ಅಂತ ಎರಡು ಪದ ಗೀಚಿದರೆ ಒಪ್ಪಬೇಡಿ. ನಿಮ್ಮ ನೋಟ್‌ಬುಕ್ಕಿನ ಸಾಲುಗಳನ್ನೇ ಬರೆಸಿ, 'ನಾಲ್ಕನೇ ಸಲ' ಅನ್ನುವುದನ್ನೂ ಸೇರಿಸಿ. ಅಳಿಸುವ ಮುಂಚೆ ಎಲ್ಲ ಕೋಡ್, ಜೊತೆಗೆ 'ಫ್ರೀಜ್ ಫ್ರೇಮ್' ಪ್ರಿಂಟ್ ಕೇಳಿ. ದೋಷ ಬಂದ ಗಳಿಗೆಯಲ್ಲಿ ವೇಗ ಎಷ್ಟು, ಇಂಜಿನ್ ಬಿಸಿ ಎಷ್ಟು ಅಂತ ಕಾರೇ ತೆಗೆದುಕೊಂಡ ಫೋಟೋ ಅದು. 'ನಮಗೆ ಏನೂ ಕಾಣಲಿಲ್ಲ' ಅಂದರೆ ಅದನ್ನೂ ಕಾಗದದ ಮೇಲೆ ಕೊಡಿ ಅನ್ನಿ. ಈ ಕಾಗದಗಳೇ ಮುಂದೆ ವಾರಂಟಿ ಜಗಳದಲ್ಲಿ ನಿಮ್ಮ ಪರವಾಗಿ ಮಾತಾಡುವುದು. ಮೂರು ಸಲ ಆದರೂ ಸಿಗದಿದ್ದರೆ ಕಂಪನಿಯ ತಾಂತ್ರಿಕ ಇಂಜಿನಿಯರ್‌ಗೆ ದೂರು ದಾಟಿಸಿ ಅಂತ ಬರವಣಿಗೆಯಲ್ಲಿ ಕೇಳಿ.

ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ, ರೀಕಾಲ್ ಇದೆಯಾ ಅಂತ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ವಿಚಾರಿಸಿ. ತಪ್ಪು ನಿಮ್ಮ ಕಾರಿನದೊಂದೇ ಆಗಿರಬೇಕಿಲ್ಲ. 2014ರ ಫೆಬ್ರವರಿಯಲ್ಲಿ ಟೊಯೋಟಾ ಪ್ರಪಂಚದಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ವಾಪಸ್ ಕರೆದದ್ದು ಸಾಫ್ಟ್‌ವೇರ್ ಕಾರಣಕ್ಕೆ. ಅದರ ಸೆಟ್ಟಿಂಗ್‌ನಿಂದ ಇನ್ವರ್ಟರ್ ಒಳಗಿನ ಟ್ರಾನ್ಸಿಸ್ಟರ್‌ಗಳು ಅತಿಯಾಗಿ ಬಿಸಿಯಾಗಿ ದೀಪಗಳು ಬರಬಹುದಿತ್ತು, ಅಪರೂಪಕ್ಕೆ ಕಾರು ನಿಂತೇ ಹೋಗಬಹುದಿತ್ತು.

ನನ್ನ ಕಾರಿನ ವಿಷಯಕ್ಕೆ ಬಂದರೆ, ನಾಲ್ಕನೇ ಸಲ 11.8 ತೋರಿಸುವ ಫೋಟೋ ಇಟ್ಟೆ. ಅವರು ಲೋಡ್ ಟೆಸ್ಟ್ ಮಾಡಿದರು, ಬ್ಯಾಟರಿ ಫೇಲ್. ಹೊಸದು ಹಾಕಿದರು, ಡ್ಯಾಶ್‌ಕ್ಯಾಮ್ ವೈರನ್ನು ಕಾರು ಆಫ್ ಆದಾಗ ಕರೆಂಟ್ ನಿಲ್ಲುವ ಕಡೆಗೆ ಬದಲಿಸಿದರು. ಎಲ್ಲ ದೀಪ ಹೋದವು, ಮುಂದಿನ ಕ್ಯಾಮೆರಾದ ಸಂದೇಶ ಒಂದು ಬಿಟ್ಟು. ನೋಟ್‌ಬುಕ್ ತಿರುವಿದರೆ ಅದು ಬಂದದ್ದೆಲ್ಲ ಬೆಳಿಗ್ಗೆ 6ರಿಂದ 7ರ ಒಳಗೆ, ಇಬ್ಬನಿ ಇದ್ದ ದಿನ. ಗಾಜಿನ ಒಳಗಡೆ, ಕ್ಯಾಮೆರಾ ಎದುರಿಗೇ ಮಂಜು ಕಟ್ಟುತ್ತಿತ್ತು. ಈಗ ಹೊರಡುವ ಮುಂಚೆ ಎರಡು ನಿಮಿಷ ಡೀಫಾಗರ್ ಹಾಕುತ್ತೇನೆ.