ಹದಿನಾಲ್ಕು ಕಡತಗಳಲ್ಲಿ ಒಬ್ಬ ಸಂಸದರ ಬದುಕು

ಜರ್ಮನ್ ಸಂಸತ್ತಿನ ನಡಾವಳಿಗಳನ್ನೇ ಓದಿ ಕನ್ನಡದಲ್ಲಿ ವ್ಯಕ್ತಿಚಿತ್ರ ಬರೆಯುವುದು ಆಗದ ಕೆಲಸವೆಂದು ಜೊತೆಯ ಬರಹಗಾರರು ಹೇಳಿದ್ದರು. ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ (ಸಿಡಿಯು) ರಾಜಕಾರಣಿ ವೋಲ್ಫ್‌ಗಾಂಗ್ ಶೊಯ್ಬ್ಲೆ ಅವರ ಕುರಿತ ನನ್ನ ದೀರ್ಘ ಲೇಖನ ಈಗ ಅಚ್ಚಾಗಿದೆ.

ಪತ್ರಿಕೆಗಳನ್ನು ಆಧರಿಸಿದ ಮೊದಲ ಕರಡು ಬರೀ ಹುದ್ದೆಗಳ ಸಾಲಾಗಿತ್ತು: 1989ರಲ್ಲಿ ಗೃಹ ಸಚಿವ, 2009ರಿಂದ 2017ರವರೆಗೆ ಹಣಕಾಸು ಸಚಿವ, ಆಮೇಲೆ ಸಂಸತ್ತಿನ ಕೆಳಮನೆಯಾದ ಬುಂಡೆಸ್ಟಾಗ್‌ನ ಅಧ್ಯಕ್ಷ. ಒಂದು ಪತ್ರಿಕೆ ಅದನ್ನು ಹಿಂದಿರುಗಿಸಿತು, ಇನ್ನೊಂದು ಉತ್ತರವನ್ನೇ ಬರೆಯಲಿಲ್ಲ. 1972ರಿಂದ 2021ರವರೆಗಿನ ಹದಿನಾಲ್ಕು ಚುನಾವಣೆಗಳಲ್ಲೂ ಓಫನ್‌ಬುರ್ಗ್ ಕ್ಷೇತ್ರದಿಂದ ನೇರವಾಗಿ ಗೆದ್ದು, 2023ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿಯೇ ಉಳಿದವರ ಬದುಕನ್ನು ಸಚಿವಗಿರಿಗಳಿಂದ ಅಳೆಯಲಾಗದು. ಹಾಗಾಗಿ ಏಳನೆಯ ಬುಂಡೆಸ್ಟಾಗ್‌ನಿಂದ ಇಪ್ಪತ್ತನೆಯದರವರೆಗೆ ಅವಧಿಗೊಂದು ಕಡತ ಮಾಡಿ, ಪ್ರತಿಯೊಂದಕ್ಕೂ ಸದನದ ಒಂದೇ ಸಂದರ್ಭವನ್ನು ಆರಿಸಿಕೊಂಡೆ.

ನಡಾವಳಿಗಳು ಉಚಿತವಾಗಿ ಸಿಗುತ್ತವೆ, ಖರ್ಚೆಲ್ಲ ಭಾಷೆಯದು. ತರಗತಿಯ ಶುಲ್ಕ, ಅನುವಾದ ತಿದ್ದಿಕೊಟ್ಟವರ ಸಂಭಾವನೆ ಸೇರಿ ನಲವತ್ತು ಸಾವಿರ ರೂಪಾಯಿಯ ಆಸುಪಾಸು ಕೈಯಿಂದ ಹೋಯಿತು. ಬಂದ ಗೌರವಧನ ಅದರ ಹತ್ತನೆಯ ಒಂದು ಪಾಲೂ ಆಗಲಿಲ್ಲ.

ಅಲ್ಲಿನ ಶೀಘ್ರಲಿಪಿಕಾರರು ಚಪ್ಪಾಳೆ ಯಾವ ಪಕ್ಷದ್ದು, ಅಡ್ಡಮಾತು ಯಾರದು ಎಂಬುದನ್ನೂ ಆವರಣದೊಳಗೆ ದಾಖಲಿಸುತ್ತಾರೆ. ಭಾಷಣಕ್ಕಿಂತ ಈ ಆವರಣಗಳನ್ನೇ ನಾನು ಮೊದಲು ಓದಿದೆ. 1990ರ ಅಕ್ಟೋಬರ್‌ನಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದ ಶೊಯ್ಬ್ಲೆ, 1991ರ ಜೂನ್ 20ರಂದು ಸಂಸತ್ತು ಬಾನ್‌ನಿಂದ ಬರ್ಲಿನ್‌ಗೆ ಹೋಗಬೇಕೆಂದು ವಾದಿಸಿದಾಗ ಚಪ್ಪಾಳೆಯ ಆವರಣದಲ್ಲಿ ಎದುರು ಪಕ್ಷಗಳ ಹೆಸರೂ ಇದೆ. ಎದುರು ಪಕ್ಷದ ಮಾಜಿ ಚಾನ್ಸಲರ್ ವಿಲಿ ಬ್ರಾಂಟ್ ಬಂದು ಅಭಿನಂದಿಸಿದರು. ಬರ್ಲಿನ್ 338–320 ಮತಗಳಿಂದ ಗೆದ್ದಿತು. ನೂರಾರು ಆವರಣಗಳಿಂದ ಇಂಥದನ್ನು ಸೋಸುವ ಕ್ರಮವನ್ನು ಮುಂದಿನ ಲೇಖನ ಮುಗಿಯುವವರೆಗೆ ಬಿಟ್ಟುಕೊಡಲಾರೆ.

ನಡುವೆ ಗ್ರೀನ್ ಪಕ್ಷದ ಹಾನ್ಸ್-ಕ್ರಿಸ್ಟಿಯಾನ್ ಷ್ಟ್ರೋಬೆಲೆ ಅವರ ಮೇಲೂ ಈ ವಿಧಾನವನ್ನು ಪ್ರಯೋಗಿಸಿದೆ. 2002ರಲ್ಲಿ, ಪಕ್ಷಕ್ಕೆ ಬಿದ್ದ ಮತಗಳ ಲೆಕ್ಕದಲ್ಲಿ ಸದಸ್ಯರನ್ನು ಆರಿಸುವ ಪಕ್ಷದ ಪಟ್ಟಿಯಲ್ಲಿ ಭರವಸೆಯ ಸ್ಥಾನ ಸಿಗದೆ, ಬರ್ಲಿನ್‌ನ ಕ್ಷೇತ್ರವೊಂದರಲ್ಲಿ ನೇರವಾಗಿ ನಿಂತು ಗೆದ್ದ ಅವರ ಕಥೆ ಬಹುಪಾಲು ಸದನದ ಹೊರಗಿನದು; ನಡಾವಳಿ ಸಾಲಲಿಲ್ಲ. ಆದರೆ ಆ ಹುಡುಕಾಟದಿಂದಲೇ ಶೊಯ್ಬ್ಲೆ ಅವರ ಹದಿನಾಲ್ಕನೆಯ ಅವಧಿಯ ಕಡತ ತುಂಬಿತು. 1999ರ ಡಿಸೆಂಬರ್‌ನಲ್ಲಿ, ಶಸ್ತ್ರಾಸ್ತ್ರ ದಲ್ಲಾಳಿ ಶ್ರೈಬರ್‌ನನ್ನು ಭೇಟಿಯಾದದ್ದನ್ನು ಶೊಯ್ಬ್ಲೆ ಸದನಕ್ಕೆ ತಿಳಿಸುತ್ತಿದ್ದಾಗ, ಸೂಟ್‌ಕೇಸ್ ಇತ್ತೋ ಇಲ್ಲವೋ ಎಂದು ಅಡ್ಡಮಾತು ಹಾಕಿದವರು ಇದೇ ಷ್ಟ್ರೋಬೆಲೆ. ಮರುತಿಂಗಳು ಆ ದಲ್ಲಾಳಿಯಿಂದ ಒಂದು ಲಕ್ಷ ಮಾರ್ಕ್ (ಆಗಿನ ಜರ್ಮನ್ ಹಣ) ನಗದು ಪಡೆದದ್ದನ್ನು ಶೊಯ್ಬ್ಲೆ ಒಪ್ಪಿಕೊಂಡರು. ಫೆಬ್ರವರಿಯಲ್ಲಿ ಪಕ್ಷದ ಮತ್ತು ಸಂಸದೀಯ ಪಕ್ಷದ ನಾಯಕತ್ವದಿಂದ ಹಿಂದೆ ಸರಿಯುವುದಾಗಿ ಘೋಷಿಸಿದರು. ಸಂಪಾದಕರು ಲೇಖನವನ್ನು ಒಪ್ಪಿದ್ದು ಈ ಪುಟವನ್ನು ಓದಿಯೇ.